ಅವ್ವ ಮನೆಗೆ ಅಂದ ಮಾತು

ಹಳೆಯ ಸುಣ್ಣದ ಗೋಡೆಗೆ ಉಳಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೊದಲು ಒಣ ಧೂಳು. ಅದು ಕೂತ ಮೇಲೆ ಹಿಂದಿನಿಂದ ತಣ್ಣಗೆ, ತುಸು ಹುಳಿಯಾಗಿ, ಬಹಳ ದಿನ ಮುಚ್ಚಿದ್ದ ಕಾಳಿನ ಹಗೇವಿನ ಬಾಯಿ ತೆರೆದ ಹಾಗೆ ಮಣ್ಣಿನ ವಾಸನೆ. ಹೋದ ತಿಂಗಳು ಹುಕ್ಕೇರಿಯಲ್ಲಿ ನನ್ನ ತಮ್ಮ ಸಂಜು ಕೊಂಡಿರುವ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ನಿಂತಿದ್ದಾಗ ಅದು ನನ್ನ ಮೂಗಿಗೆ ಬಡಿಯಿತು. ಗೌಂಡಿಗಳು ಗೋಡೆ ಕೆತ್ತುತ್ತಿದ್ದರು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನನಗೆ ಧೂಳು ತಡೆಯಲಿಲ್ಲ ಎಂದುಕೊಂಡ ಸಂಜು ನೀರಿನ ಬಾಟಲಿ ತಂದುಕೊಟ್ಟ. ಇದು ಧೂಳಲ್ಲಪ್ಪ, ನಮ್ಮವ್ವನ ಸೆರಗಿನ ವಾಸನೆ ಎಂದು ಅವನಿಗೆ ಹೇಗೆ ಹೇಳಲಿ? ಅವ್ವ ಇದ್ದಾಗ ಅವನು ತೀರ ಸಣ್ಣವನು. ಹಳೆ ಮನೆ ಕೊಳ್ಳುವುದು, ಒಡೆದು ಕಟ್ಟಿ ಚಂದ ಮಾಡುವುದು, ಮಾರುವುದು ಈಗ ಅವನ ಧಂದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಅವನ ಕೆಲಸ ನಡೆದಿರುತ್ತದೆ. ಕಾರ್ಡಿನ ಮೇಲೆ ಇನ್ವೆಸ್ಟರ್ ಎಂದು ಅಚ್ಚು ಹಾಕಿಸಿದ್ದಾನೆ. ಇದೇ ಕೆಲಸ ಮಾಡುತ್ತಿದ್ದ ನಮ್ಮಪ್ಪನಿಗೆ ಅದಕ್ಕೆ ಹೆಸರೇ ಗೊತ್ತಿರಲಿಲ್ಲ. ಏನ್ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ, "ಮನಿ ನೆಟ್ಟಗ ಮಾಡತೇನ್ರಿ" ಎನ್ನುತ್ತಿದ್ದ.

ನಿಮಗೂ ಕಣ್ಣು ಮುಚ್ಚಿದರೆ ಎದುರು ಬಂದು ನಿಲ್ಲುವ ಒಂದು ಮನೆ ಇದ್ದೀತು. ನನಗೆ ಮೂರಿವೆ. ಮೂರರಲ್ಲಿ ಯಾವುದೂ ನಮ್ಮದಾಗಲಿ ಎಂದು ಕೊಂಡದ್ದಲ್ಲ. ಅಪ್ಪ ಭರಮಪ್ಪ ಮೊದಲು ಹುಕ್ಕೇರಿಯ ಒಂದು ಜವಳಿ ಅಂಗಡಿಯಲ್ಲಿ ಪಗಾರಕ್ಕಿದ್ದವನು. ಮೇಲವಂಕಿಯಲ್ಲಿದ್ದ ತನ್ನ ಪಾಲಿನ ಹೊಲ ಅಣ್ಣನಿಗೆ ಬಿಟ್ಟುಕೊಟ್ಟು, ಬಂದ ಹಣದಲ್ಲಿ ಒಂದು ಪಾಳು ಮನೆ ಹಿಡಿದ. ಅಲ್ಲಿಂದ ಶುರುವಾಯಿತು. ಸಂಜು ಈಗ ಮನೆಗೆ ಬೀಗ ಹಾಕಿ ಕೆಲಸ ಮಾಡಿಸುತ್ತಾನೆ, ಮೊಬೈಲಿನಲ್ಲಿ ಫೋಟೋ ಹರಿಬಿಡುತ್ತಾನೆ, ಮಾರುತ್ತಾನೆ. ಅಪ್ಪನ ಕಾಲದಲ್ಲಿ ಅದು ನಡೆಯುತ್ತಿರಲಿಲ್ಲ. ಬೀಗ ಬಿದ್ದ ಮನೆಗೆ ನೂರು ಬಾಯಿ. ಅಲ್ಲಿ ಯಾರೋ ಉರುಲು ಹಾಕಿಕೊಂಡಿದ್ದರಂತೆ, ಜಂತಿಯಲ್ಲಿ ಏನೋ ಓಡಾಡುತ್ತದಂತೆ ಎಂದು ಓಣಿಯವರು ಹೇಳಿ ಹೇಳಿ, ಇಲ್ಲದ ದೆವ್ವವನ್ನು ತಾವೇ ತಂದು ಕೂರಿಸುತ್ತಿದ್ದರು. ಆದ್ದರಿಂದ ಅಪ್ಪನದು ಒಂದೇ ರೀತಿ: ಮೊದಲು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಅದೇ ಮನೆಯಲ್ಲಿ ಸಂಸಾರ ಹೂಡುವುದು. ಒಂದು ಕೋಣೆಯಲ್ಲಿ ನಾವು, ಉಳಿದ ಕಡೆ ಗೌಂಡಿಗಳು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣುವವರು. ಎಷ್ಟೋ ಸಂಜೆ ಗಂಗಾಳದಲ್ಲಿ ಜೋಳದ ರೊಟ್ಟಿಯ ಮೇಲೆ ಸುಣ್ಣದ ಪುಡಿ ಉದುರಿರುತ್ತಿತ್ತು. ಅವ್ವ ಅದನ್ನು ಸೆರಗಿನಿಂದ ಝಾಡಿಸಿ, "ಉಣ್ಣು, ಹಲ್ಲ ಗಟ್ಟಿ ಆಗತಾವ" ಅನ್ನುತ್ತಿದ್ದಳು.

ಹುಕ್ಕೇರಿಯ ಮನೆ ಉದ್ದಕ್ಕಿತ್ತು, ಒಂದರ ಹಿಂದೊಂದು ಕೋಣೆ, ನಡುಮನೆಯಲ್ಲಿ ಹಗಲಲ್ಲೂ ಕತ್ತಲೆ. ಮಣ್ಣಿನ ಮಾಳಿಗೆಗೆ ಅಪ್ಪ ಒಂದು ಬೆಳಕಿಂಡಿ ತೆಗೆಸಿದ. ಮೊದಲ ಸಲ ಅದರಿಂದ ಬಿಸಿಲು ಇಳಿದಾಗ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಆ ಬಿಸಿಲಿನ ಚೌಕದಲ್ಲಿ ನಿಂತಳು. ಅವಳ ಹೊಟ್ಟೆಯಲ್ಲಿ ಆಗ ಸಂಜು ಇದ್ದ. ಆ ಮನೆಯಲ್ಲೇ ಅವನು ಹುಟ್ಟಿದ. ಅವನ ತೊಟ್ಟಿಲು ಕಟ್ಟಿದ ಜಂತಿಗೆ ಅಪ್ಪ ಎಳ್ಳೆಣ್ಣೆ ಒರೆಸಿ ಒರೆಸಿ ಕರ್ರಗೆ ಮಿಂಚುವಂತೆ ಮಾಡಿದ್ದ. ಕೆಲಸ ಮುಗಿದ ಮೇಲೆ ಕೊಳ್ಳುವವರು ಬರತೊಡಗಿದರು. ಗಂಡಸರು ಪಡಸಾಲೆಯಲ್ಲಿ ಕುಳಿತು ಗೋಡೆಯ ದಪ್ಪ, ಬಾವಿಯ ನೀರು, ಸರಕಾರಿ ಉತಾರದ ಕಾಗದ ಎಂದು ಮಾತಾಡುವರು. ಅವರ ಸಂಗಡ ಬಂದ ಹೆಂಗಸರು ಮಾತ್ರ ನೇರವಾಗಿ ಅಡುಗೆಮನೆಗೆ ಹೋಗಿ, ಅವ್ವನ ಬಾಜೂ ಕುಳಿತು, ದನಿ ತಗ್ಗಿಸಿ ಒಂದೇ ಮಾತು ಕೇಳುವರು: "ಅಕ್ಕಾರ, ಈ ಮನಿ ನಿಮಗ ಆಗಿ ಬಂದೈತೇನ್ರಿ?"

ಆ ಒಂದು ಪ್ರಶ್ನೆಯಲ್ಲಿ ಎಲ್ಲವೂ ಇತ್ತು. ಇಲ್ಲಿ ಕಾಲಿಟ್ಟ ಮೇಲೆ ನಿಮ್ಮ ಮೈ ನೆಟ್ಟಗಿತ್ತೇ, ಕೂಸು ಉಳಿಯಿತೇ, ಗಂಡನ ಕೈಗೆ ನಾಲ್ಕು ಕಾಸು ಹತ್ತಿತೇ, ರಾತ್ರಿ ನಿದ್ದೆ ಬರುತ್ತದೆಯೇ. ಗಂಡಸರನ್ನು ಯಾರೂ ಇದನ್ನು ಕೇಳುತ್ತಿರಲಿಲ್ಲ. ಗಂಡಸರು ಸುಳ್ಳು ಹೇಳುತ್ತಾರೆ. ಒಲೆಯ ಮುಂದೆ ಕುಳಿತ ಹೆಂಗಸು ಮನೆಯ ಮೇಲೆ ಸುಳ್ಳು ಆಡುವುದಿಲ್ಲ ಎಂಬ ನಂಬಿಕೆ. ಅವ್ವ ತಲೆ ಮೇಲೆ ಸೆರಗು ಎಳೆದುಕೊಂಡು, "ಛಲೋ ಆಗಿ ಬಂದೈತ್ರಿ. ಇಲ್ಲೆ ಬಂದ ಮ್ಯಾಲ ನಮ್ಮ ಸಂಜು ಹುಟ್ಟಿದಾ" ಎನ್ನುವಳು. ಬಂದವರು ತೊಟ್ಟಿಲಿನಲ್ಲಿ ಗುಂಡಗೆ ಮಲಗಿದ್ದ ಸಂಜುವನ್ನು ಬಗ್ಗಿ ನೋಡುವರು. ಅಲ್ಲಿಗೆ ವ್ಯವಹಾರ ಕುದುರಿದಂತೆಯೇ. ಅಪ್ಪ ಆಮೇಲೆ ನಗುತ್ತ, "ನನ್ನ ಗ್ವಾಡಿ ಗಿಲಾವ ಒಂದ ಕಡೆ, ನಿಮ್ಮವ್ವನ ಮಾತ ಒಂದ ಕಡೆ. ತೂಕ ಮಾಡಿದ್ರ ಆಕೀದ ಜಾಸ್ತಿ" ಎಂದು ನನಗೆ ಹೇಳುತ್ತಿದ್ದ. ಅವ್ವನೂ ನಗುತ್ತಿದ್ದಳು. ಆದರೆ ಮನೆ ಇಷ್ಟು ಚಂದ ಆಗಿಬಂದಿದ್ದರೆ ಬಿಟ್ಟು ಯಾಕೆ ಹೋಗುತ್ತೀರಿ ಎಂದು ಒಬ್ಬ ಮುದುಕಿ ಕೇಳಿದಾಗ ಅವ್ವ ಚಹಾ ಸೋಸುವ ನೆವದಲ್ಲಿ ಮುಖ ಆ ಕಡೆ ಮಾಡಿದಳು.

ಮೂಡಲಗಿಯಲ್ಲಿ ಹಿಡಿದ ಮನೆ ಪೇಟೆಗೆ ಹತ್ತಿರ. ಕಬ್ಬಿನ ಹಂಗಾಮಿನಲ್ಲಿ ಬೆಳಗಿನಿಂದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುವವು, ಅಟ್ಟದ ಮೇಲಿನ ಪಾತ್ರೆಗಳೆಲ್ಲ ಸಣ್ಣಗೆ ನಡುಗುವವು. ಅಲ್ಲಿನ ಸಾಲೆಯಲ್ಲಿ ನಾನು ಮೂರನೆಯ ಇಯತ್ತೆಗೆ ಹೋದೆ. ಮನೆಯ ಮುರುಕು ನೆಲಕ್ಕೆ ಅಪ್ಪ ಶಹಾಬಾದಿ ಫರಸಿ ಹಾಸಿಸಿದ. ಬೇಸಿಗೆಯ ಮಧ್ಯಾಹ್ನ ನಾನು, ಸಂಜು, ಅವ್ವ ಮೂವರೂ ಆ ತಣ್ಣನೆಯ ಕಲ್ಲಿನ ಮೇಲೆ ಕೆನ್ನೆ ಇಟ್ಟು ಮಲಗುತ್ತಿದ್ದೆವು. ಅವ್ವನ ಬಳೆ ಕಲ್ಲಿಗೆ ತಾಗಿದ ಸಣ್ಣ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ಮನೆ ನನ್ನ ಜೀವಕ್ಕೆ ಹತ್ತಿತ್ತು. ಆದರೆ ಒಂದು ದಿನ ಸಾಲೆಯಿಂದ ಬಂದಾಗ ಹೊಸ್ತಿಲಲ್ಲಿ ಬಣ್ಣದ ಡಬ್ಬಿಗಳು ಕುಳಿತಿದ್ದವು. ನಮಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬೇರೆ ಮಕ್ಕಳ ಮನೆಗೆ ಬಣ್ಣ ಬಂದರೆ ಹಬ್ಬ, ಇಲ್ಲ ಮದುವೆ. ನಮ್ಮ ಮನೆಗೆ ಬಣ್ಣ ಬಂತೆಂದರೆ ನಾವು ಹೊರಟೆವು ಎಂದೇ ಅರ್ಥ. ಗೋಡೆ ಒಣಗುವುದರೊಳಗೆ ಅವ್ವ ಮಸಾಲೆ ಡಬ್ಬಿಗಳನ್ನು ಚೀಲಕ್ಕೆ ತುಂಬತೊಡಗುವಳು. ನೆರೆಮನೆಯವರು, "ಬೆಕ್ಕ ಮರಿ ಕಟಗೊಂಡ ಏಳ ಮನಿ ತಿರಗತಾವಂತ, ಹಂಗ ಆತ ನಿಮ್ಮ ಬಾಳೇವು" ಎಂದು ಚೇಷ್ಟೆ ಮಾಡಿದರು. ಅವ್ವ ಮನೆ ಬಿಡುವಾಗ ಅಳಲಿಲ್ಲ. ಫರಸಿಯನ್ನು ಒದ್ದೆ ಅರಿವೆಯಿಂದ ಒರೆಸಿ, ತಾನು ಮಲಗುತ್ತಿದ್ದ ಕಲ್ಲಿನ ಮೇಲೆ ಮಾತ್ರ ಎರಡು ಸಲ ಕೈಯಾಡಿಸಿದಳು.

ಗೋಕಾಕಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಅಪ್ಪನಿಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಅವರಿಬ್ಬರ ನಡುವೆ ಇರುಕಿಕೊಂಡು ಕುಳಿತಿದ್ದೆ. "ಹೊರಗಿನ ಗ್ವಾಡಿಗೆ ಬಣ್ಣ ಬ್ಯಾಡ, ಒಳಗ ಅಡಗಿ ಭಾಂಡೆ ಬ್ಯಾಡ, ನನಗ ಏನೂ ಬ್ಯಾಡ್ರಿ. ಒಂದ ಮನಿ ಮಾರಲಾರದ್ದ ಕೊಡ್ರಿ." ಅಪ್ಪ ಕಿಟಕಿಯ ಹೊರಗೆ ನೋಡುತ್ತ, "ಮುಂದಿನ ಮನಿ ನಮಗ" ಎಂದ. ಹುಕ್ಕೇರಿ ಬಿಡುವಾಗಲೂ ಇದನ್ನೇ ಹೇಳಿದ್ದ. ಅವನು ಮೋಸಗಾರನಲ್ಲ. ಹೇಳುವಾಗ ಅವನಿಗೂ ಅದು ಖರೆ ಅನ್ನಿಸುತ್ತಿತ್ತು. ಆದರೆ ಒಂದು ಮನೆ ಮಾರಿದ ದುಡ್ಡೇ ಇನ್ನೊಂದು ಮನೆಯ ಮಣ್ಣು, ಹಂಚು, ಸುಣ್ಣ. ಒಂದನ್ನು ಇಟ್ಟುಕೊಂಡರೆ ಕೈ ಕಟ್ಟುತ್ತಿತ್ತು. ಜೊತೆಗೆ ಕೆಟ್ಟ ಮನೆ ಕಂಡರೆ ಸಾಕು ಅವನ ಕೈ ತುರಿಸುತ್ತಿತ್ತು. ನೆಟ್ಟಗಾದ ಮನೆ ಅವನಿಗೆ ಬೇಸರ ತರುತ್ತಿತ್ತೋ ಏನೋ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರಲ್ಲ. ಅಪ್ಪ ಎರಡನ್ನೂ ಮಾಡಿ, ಒಂದಕ್ಕಾಗಿ ಇನ್ನೊಂದನ್ನು ಊರೂರು ತಿರುಗಿಸಿದ.

ಗೋಕಾಕದ ಮನೆ ಹೊಳೆಯ ಕಡೆಗಿನ ಓಣಿಯಲ್ಲಿತ್ತು. ಒಮ್ಮೆ ನೀರು ಒಳಗೆ ಬಂದು ಹೋದ ಮೇಲೆ ಅದರ ಮಾಲೀಕರು ಹೆದರಿ ಊರ ಎತ್ತರದ ಭಾಗಕ್ಕೆ ಹೋಗಿದ್ದರು. ನಾವು ಒಳಗೆ ಕಾಲಿಟ್ಟಾಗ ಗೋಡೆಗಳ ಮೇಲೆ ನನ್ನ ಎದೆಯ ಮಟ್ಟಕ್ಕೆ ಕಂದು ಗೆರೆ, ಮೂಲೆಗಳಲ್ಲಿ ಒಣಗಿ ಬಿರಿದ ರಾಡಿ, ಕೋಣೆ ಕೋಣೆಗೂ ಆ ತಣ್ಣನೆಯ ಮಣ್ಣಿನ ವಾಸನೆ. ಅವ್ವ ಮೂಗು ಮುಚ್ಚಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲ ಬಾಗಿಲು ತೆರೆದಳು. ಅಲ್ಲಿ ನಾಲ್ಕು ಮೆಟ್ಟಿಲು, ಕೆಳಗೆ ಸಣ್ಣ ಬಯಲು, ಅದರಾಚೆ ಹೊಳೆ. ಗಾಳಿ ಸೀದಾ ಒಳಗೆ ನುಗ್ಗಿ ಮುಂಬಾಗಿಲಿನಿಂದ ಹೊರಗೆ ಹೋಯಿತು. ಅವ್ವ ಆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳ ತವರು ನಿಪ್ಪಾಣಿಯ ಹತ್ತಿರದ ಹಳ್ಳಿ. ಅಲ್ಲಿಯೂ ಹಿತ್ತಲಿನಲ್ಲಿ ಹೊಳೆ ಇತ್ತಂತೆ. ಸಂತೋಷವಾದರೆ ಅವಳ ಬಾಯಲ್ಲಿ ಮರಾಠಿ ಬರುತ್ತಿತ್ತು. ಆ ದಿನ ಸಂಜುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮರಾಠಿಯಲ್ಲೇ ಅವನ ಜೊತೆ ಅದೂ ಇದೂ ಮಾತಾಡಿದಳು. ಅಪ್ಪ ಎಂಟು ತಿಂಗಳು ದುಡಿದು ಆ ಮನೆಯನ್ನು ಎಬ್ಬಿಸಿದ. ನೆನೆದ ಗಿಲಾವ ಪೂರ್ತಿ ಕೆತ್ತಿಸಿ, ಬೆಲ್ಲದ ನೀರು ಹಾಕಿ ಅರೆದ ಸುಣ್ಣ ಬಳಿಸಿದ. ಅವ್ವ ಗೌಂಡಿಯವರ ಹಿಂದೆ ಬಿದ್ದು ಒಲೆಯ ಬಲಕ್ಕೆ ಒಂದು ಗೂಡು ಕೊರೆಸಿಕೊಂಡಳು, ಉಪ್ಪಿನ ಮಡಕೆಗೆ. ಹಿಂದಿನ ಎರಡು ಮನೆಗಳಲ್ಲಿ ತನಗೆಂದು ಅವಳು ಒಂದು ಮೊಳೆಯನ್ನೂ ಹೊಡೆಸಿಕೊಂಡಿರಲಿಲ್ಲ.

ಆಮೇಲೆ ಬಣ್ಣದ ಡಬ್ಬಿಗಳು ಬಂದವು. ಅಪ್ಪ ಅವ್ವನ ಮುಖ ನೋಡಲಿಲ್ಲ. ಅವ್ವ ಡಬ್ಬಿಗಳನ್ನು ದಾಟಿಕೊಂಡು ನೀರು ತಂದಳು. ಎರಡು ದಿನಕ್ಕೆ ಪೇಟೆಯ ಒಬ್ಬ ದೊಡ್ಡ ವ್ಯಾಪಾರಿ, ಅವನ ಹೆಂಡತಿ, ಅತ್ತಿಗೆ ಬಂದರು. ವ್ಯಾಪಾರಿಗೆ ಮನೆ ಮೆಚ್ಚುಗೆಯಾಯಿತು. ಸಂಚಕಾರದ ಮುಂಗಡ ಹಣ ಕೊಟ್ಟೇ ಹೋಗುವ ಅವಸರದಲ್ಲಿದ್ದ. ಹೆಂಗಸರಿಬ್ಬರೂ ರೂಢಿಯಂತೆ ಅಡುಗೆಮನೆಗೆ ಬಂದು ಮಣೆಯ ಮೇಲೆ ಕುಳಿತರು. ನಾನು ಅವ್ವನ ಹಿಂದೆ ಚಹಾದ ಕಪ್ಪು-ಬಸಿಗಳನ್ನು ಒರೆಸುತ್ತಿದ್ದೆ. "ಏನ್ರೀ ಅಕ್ಕಾರ, ಮನಿ ನಿಮಗ ಆಗಿ ಬಂದೈತಿ ಹೌದಿಲ್ರಿ?" ಎಂದಳು ವ್ಯಾಪಾರಿಯ ಹೆಂಡತಿ. ಅವ್ವ ಚಹಾ ಸುರಿಯುವುದನ್ನು ನಿಲ್ಲಿಸಲಿಲ್ಲ. ಕಪ್ಪು ತುಂಬಿದ ಮೇಲೆ ತಲೆ ಎತ್ತಿ, ಅವಳ ಕಣ್ಣಲ್ಲಿ ಕಣ್ಣಿಟ್ಟು, "ಇಲ್ರಿ. ಆಗಿ ಬಂದಿಲ್ರಿ" ಎಂದಳು. ಅಷ್ಟೇ. ಮೈ ಸರಿಯಿಲ್ಲ ಎಂದೋ ಕೂಸಿಗೆ ಜ್ವರ ಎಂದೋ ಒಂದು ಕಾರಣವನ್ನೂ ಕಟ್ಟಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಚಹಾ ಕೆನೆಗಟ್ಟಿ ಅಲ್ಲೇ ಉಳಿಯಿತು.

ಅವರು ಹೋದ ಮೇಲೆ ಅಪ್ಪ ಕೂಗಾಡುತ್ತಾನೆ ಎಂದು ನಾನು ಹೆದರಿದ್ದೆ. ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವನಿಗೆ ಸಿಟ್ಟಿಗಿಂತ ಮತ್ತೇನೋ ಆಗಿತ್ತು. ತಾನು ಕೈಯಾರೆ ಒರೆಸಿ ನಿಲ್ಲಿಸಿದ ಕೂಸಿನ ಮೇಲೆ ಯಾರೋ ಉಗುಳಿದರೆ ಆಗುವ ನೋವು ಅದು. "ಮಾರೂದ ಬ್ಯಾಡಾಗಿದ್ರ ನನಗ ಹೇಳಬೇಕಿಲ್ಲ? ಮನಿಗೆ ಯಾಕ ಅಂದಿ?" ಎಂದ.

"ನಿಮಗ ಹೇಳಿ ಹೇಳಿ ಸಾಕಾತ್ರಿ" ಎಂದಳು ಅವ್ವ. "ಅದಕ್ಕ ಮನಿಗೆ ಅಂದ್ನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟು ದಿನದೊಳಗೆ ಪೇಟೆಗೆಲ್ಲ ಸುದ್ದಿ: ಹೊಳೀ ಓಣಿಯ ಭರಮಪ್ಪನ ಮನೆ ಅವರಿಗೇ ಆಗಿಬಂದಿಲ್ಲವಂತೆ, ಹೆಂಡತಿಯೇ ಹೇಳಿದಳಂತೆ. ಆಮೇಲೆ ಯಾರೂ ಮನೆ ನೋಡಲು ಬರಲಿಲ್ಲ. ಅಪ್ಪ ಹದಿನೈದು ದಿನ ಮುಖ ಗಂಟು ಹಾಕಿಕೊಂಡಿದ್ದ. ಬಣ್ಣ ಅರ್ಧ ಗೋಡೆಗೇ ನಿಂತಿತು. ಕಡೆಗೆ ಮತ್ತೆ ಜವಳಿ ಅಂಗಡಿಯೊಂದರಲ್ಲಿ ಪಗಾರಕ್ಕೆ ಸೇರಿದ. ಅವನಿಗೆ ಅದು ಸೋಲು. ಅದು ನನಗೆ ಈಗ ಗೊತ್ತಾಗುತ್ತದೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ, ನಮ್ಮ ಚೀಲಗಳು ಬಿಚ್ಚಿದವು. ಎಲ್ಲವೂ ಬಿಚ್ಚಿದವು. ಮದುವೆಯಲ್ಲಿ ತವರಿನಿಂದ ಕೊಟ್ಟಿದ್ದ ಹಿತ್ತಾಳೆ ಕೊಡ, ಎರಡು ಮನೆಗಳಲ್ಲೂ ಗೋಣಿಯಿಂದ ಹೊರಬರದೇ ಇದ್ದದ್ದು, ಮೊದಲ ಸಲ ಹುಣಸೆಹಣ್ಣಿನಲ್ಲಿ ಮಿಂದು ಜಗಲಿಯ ಮೇಲೆ ಬಂದು ಕುಳಿತಿತು. ಅವ್ವ ದಪ್ಪಗಾದಳು. ಸಂಜೆ ಊಟ ಮುಗಿಸಿ, ಇನ್ನೂ ಬೆಳಕಿರುವಾಗಲೇ, ನಾವು ನಾಲ್ವರೂ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಶೇಂಗಾ ಸುಲಿದು ತಿನ್ನುತ್ತಿದ್ದೆವು. ಹೊಳೆಯ ಮೇಲಿನಿಂದ ಬರುವ ಗಾಳಿಗೆ ಅವ್ವನ ಹಣೆಯ ಮೇಲಿನ ಕೂದಲು ಹಾರುತ್ತಿತ್ತು. ನಾಗರ ಪಂಚಮಿಗೆ ಜಂತಿಗೆ ಜೋಕಾಲಿ ಕಟ್ಟಿಸಿದಳು. ಓಣಿಯ ಹೆಣ್ಣುಮಕ್ಕಳೆಲ್ಲ ಜೀಕಲು ನಮ್ಮ ಮನೆಗೇ ಬಂದರು. "ಆಗಿ ಬರಲಾರದ ಮನ್ಯಾಗ ಉಂಡಿ ಹೆಂಗ ಆಗ್ಯಾವ ನೋಡ್ರಿ" ಎಂದು ಅವ್ವ ಅವರಿಗೆ ತಂಬಿಟ್ಟಿನ ಉಂಡೆ ಕೊಟ್ಟು ತನ್ನನ್ನೇ ತಾನು ಚೇಷ್ಟೆ ಮಾಡಿಕೊಂಡಳು. ಅಪ್ಪನಿಗೂ ನಗೆ ಬಂತು. ಆ ವರ್ಷ ನನ್ನ ಬದುಕಿನ ಒಳ್ಳೆಯ ವರ್ಷ. ಅದಕ್ಕಿಂತ ಒಳ್ಳೆಯದು ಆಮೇಲೆ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ.

ಮುಂದಿನ ಪಂಚಮಿಗೆ ಜೋಕಾಲಿ ಕಟ್ಟಲಿಲ್ಲ. ಅವ್ವನ ಕಾಲು ಬಾತಿದ್ದವು. ಮೊದಲು ನಾವೆಲ್ಲ ಅದು ನೀರಿನಲ್ಲಿ ನಿಂತು ಬಟ್ಟೆ ಒಗೆದದ್ದರಿಂದ ಎಂದುಕೊಂಡೆವು. ಆಮೇಲೆ ಮುಖವೂ ಬಾತಿತು. ಘಟಪ್ರಭಾದ ದವಾಖಾನೆಯಲ್ಲಿ ಡಾಕ್ಟರು ಬಹಳ ಸಮಾಧಾನದಿಂದ ನೋಡಿ, ಮೂತ್ರಪಿಂಡ ಎರಡೂ ಕೆಟ್ಟಿವೆ, ಇದು ಬಹಳ ದಿನದಿಂದ ಒಳಗೊಳಗೇ ಇದ್ದದ್ದು ಎಂದು ಅಪ್ಪನಿಗೆ ಹೇಳಿದರು. ನಾನು ಈಗ ಅದೇ ಊರಿನ ಒಂದು ಲ್ಯಾಬಿನಲ್ಲಿ ದಿನವಿಡೀ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಮಾತಿನಿಂದ ಯಾರ ಮೂತ್ರಪಿಂಡವೂ ಕೆಡುವುದಿಲ್ಲ ಎಂದು ನನಗೆ ಗೊತ್ತು. ಡಾಕ್ಟರು ಹೇಳಿದ್ದು ಸರಿಯೇ ಇತ್ತು. ಮೂಡಲಗಿಯ ತಣ್ಣನೆಯ ಕಲ್ಲಿನ ಮೇಲೆ ಅವಳು ಸುಸ್ತಾಗಿ ಮಲಗುತ್ತಿದ್ದಾಗಲೇ ಅದು ಶುರುವಾಗಿದ್ದೀತು. ಆದರೆ ಅದನ್ನು ಅವಳಿಗೆ ತಿಳಿಸಿ ಹೇಳುವವರು ಆಗ ಯಾರೂ ಇರಲಿಲ್ಲ. ಹೇಳುವವರು ಬೇರೆಯೇ ಇದ್ದರು. ಮೇಲವಂಕಿಯಿಂದ ಅಪ್ಪನ ಅಕ್ಕ, ನಮ್ಮ ಅತ್ತೆ, ನೋಡಲು ಬಂದಳು. ಕೆಟ್ಟವಳಲ್ಲ, ಅವ್ವನ ಕಾಲು ಒತ್ತುತ್ತಲೇ ಕುಳಿತಿದ್ದಳು. ಒತ್ತುತ್ತ ಒತ್ತುತ್ತ ಅಂದುಬಿಟ್ಟಳು: "ಎಂಥಾ ಮಾತ ಆಡಿದ್ಯವ್ವಾ ಪದ್ಮಾ ನೀ. ಕುಂತ ಮನಿಗೆ ಹಂಗ ಅಂತಾರೇನ?"

ಅತ್ತೆ ಬಸ್ಸು ಹಿಡಿಯಲು ಹೋದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು. "ವಾಸ್ತು ತಥಾಸ್ತು ಮ್ಹಣತೇ" ಎಂದಳು ಮರಾಠಿಯಲ್ಲಿ. ಅವಳ ತವರಿನಲ್ಲಿ ಎಲ್ಲರೂ ಆಡುವ ಮಾತು ಅದು. ಮನೆಯೊಳಗೆ ನಾವು ಏನು ಅನ್ನುತ್ತೇವೋ ಅದಕ್ಕೆ ಮನೆ ಹಾಗೇ ಆಗಲಿ ಅನ್ನುತ್ತದೆ; ಆದ್ದರಿಂದ ಮನೆಯಲ್ಲಿ ಕುಳಿತು ಕೆಟ್ಟದ್ದು ಅನ್ನಬಾರದು. ಚಿಕ್ಕಂದಿನಿಂದ ಕೇಳಿದ ಮಾತನ್ನು ಅವಳು ಆ ದಿನ ಒಲೆಯ ಮುಂದೆ ಮರೆತಿದ್ದಳೋ, ನೆನಪಿದ್ದೂ ಆಡಿದಳೋ, ನನಗೆ ತಿಳಿಯದು. ಈಗ ಅವಳಿಗೆ ಸಾಯುವ ಹೆದರಿಕೆಗಿಂತ ಇದರ ಹೆದರಿಕೆಯೇ ದೊಡ್ಡದಾಗಿತ್ತು. ತಾನು ಹೋದರೆ ಹೋಗಲಿ, ಆ ಮಾತು ಮನೆಯಲ್ಲಿ ಉಳಿದು ನಮ್ಮನ್ನು ಹಿಡಿದೀತು ಎಂಬ ಹೆದರಿಕೆ. "ಸುಳ್ಳ ಹೇಳಿದ್ನೆವ್ವಾ ನಾ. ನನಗ ಇಷ್ಟ ಚಂದ ಯಾವ ಮನೀನೂ ಆಗಿ ಬಂದಿಲ್ಲ. ನಿಮ್ಮಪ್ಪಗ ಹೇಳು, ಖೋಲಿ ಖೋಲಿಗೂ ಹೋಗಿ ಮನಿಗೆ ಹೇಳಂತ. ನನಗ ಏಳಾಕ ಆಗವಲ್ದು."

ಅಪ್ಪ ದೇವರು ದಿಂಡರನ್ನು ಹೆಚ್ಚು ಹಚ್ಚಿಕೊಂಡವನಲ್ಲ. ಬೇರೆ ಯಾರಾದರೂ ಇಂಥದ್ದು ಹೇಳಿದ್ದರೆ ನಕ್ಕುಬಿಡುತ್ತಿದ್ದ. ಆ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದವನು ನನ್ನ ಮಾತು ಕೇಳಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ಟೋಪಿ ಇಟ್ಟುಕೊಂಡ. ನಾನು ಸಂಜುವನ್ನು ಎತ್ತಿಕೊಂಡು ಅವನ ಹಿಂದೆ ಹೊರಟೆ. ಪಡಸಾಲೆಯಲ್ಲಿ ಅವನು ಗಂಟಲು ಸರಿಮಾಡಿಕೊಂಡು ಜಂತಿಗಳ ಕಡೆ ನೋಡಿ, ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತವನಂತೆ ಕೈ ಕಟ್ಟಿ, "ನಮಗ ಆಗಿ ಬಂದೈತ್ರಿ" ಎಂದ. ಮನೆಗೆ 'ರಿ' ಹಚ್ಚಿ ಮಾತಾಡಿದ. ಸಂಜು ಕಿಸಕ್ಕನೆ ನಕ್ಕ. ನನಗೂ ನಗೆ ಬಂತು, ಅದರ ಬೆನ್ನಿಗೇ ಅಳು ಬಂತು. ನಡುಮನೆಯಲ್ಲಿ ಅವನ ದನಿ ತುಸು ಏರಿತು. "ಆಕಿ ಸುಳ್ಳ ಅಂದಾಳ್ರಿ. ಮನಸಿಗೆ ಹಚಗೋಬ್ಯಾಡ್ರಿ. ಛಲೋ ಆಗಿ ಬಂದೈತ್ರಿ." ದೇವರ ಕೋಣೆಯಲ್ಲಿ, ಬಚ್ಚಲಿನಲ್ಲಿ, ಕಟ್ಟಿಗೆ ಒಟ್ಟಿದ ಹಿತ್ತಲ ಮೂಲೆಯಲ್ಲಿ, ಎಲ್ಲ ಕಡೆ ನಿಂತು ಹೇಳಿದ. ಕಡೆಗೆ ಅಡುಗೆಮನೆಗೆ ಬಂದ. ಒಲೆ ಆರಿತ್ತು. ಅಪ್ಪ ಗೂಡಿನ ಪಕ್ಕದ ಗೋಡೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತ. ಅಲ್ಲಿ ಅವನು ಏನಾದರೂ ಹೇಳಿದನೋ ಇಲ್ಲವೋ ನನಗೆ ಕೇಳಿಸಲಿಲ್ಲ.

ಹೊರಗೆ ಬಂದು ಅವ್ವನ ಹಾಸಿಗೆಯ ಪಕ್ಕದಲ್ಲಿ ಕುಳಿತ. ಹಣೆಗೆ ಸುಣ್ಣ ಮೆತ್ತಿಕೊಂಡಿತ್ತು. ಅವ್ವ ಕೈ ಎತ್ತಿ ಅದನ್ನು ಒರೆಸಲು ನೋಡಿದಳು, ಕೈ ಅಷ್ಟು ಎತ್ತರಕ್ಕೆ ಏಳಲಿಲ್ಲ.

"ಏನಂತ್ರಿ ಮನಿ?" ಎಂದು ಕೇಳಿದಳು.

ಅಪ್ಪ ಅವಳ ಕೈ ಹಿಡಿದುಕೊಂಡ. "ಮಾರಬ್ಯಾಡ ಅಂತು" ಎಂದ.

ಅವ್ವ ಬಾತ ಮುಖದಲ್ಲೇ ನಕ್ಕಳು. "ಇದನ್ನ ಆಗಳೇ ಅಂದಿದ್ರ ಅದರ ಗಂಟೇನ ಹೋಗತಿತ್ತ" ಎಂದಳು.

ಅವಳು ನಮ್ಮೆದುರು ನಕ್ಕದ್ದು ಅದೇ ಕಡೆಯದು. ದೀಪಾವಳಿ ಬರುವುದರೊಳಗೆ ಹೋದಳು. ಅಪ್ಪ ಮತ್ತೆ ಯಾವ ಮನೆಯನ್ನೂ ಕೊಳ್ಳಲಿಲ್ಲ, ಆ ಮನೆಯನ್ನು ಮಾರಲೂ ಇಲ್ಲ. ಹೆಂಡತಿ ಸತ್ತ ಮನೆ ಎಂದು ಅದು ಊರವರ ಬಾಯಲ್ಲಿ ಪೂರಾ ಆಗಿಬಾರದ ಮನೆಯಾಗಿ ಹೋಗಿತ್ತು. ಆದರೂ ಅಗ್ಗಕ್ಕೆ ಸಿಕ್ಕೀತು ಎಂದು ಕೇಳುವವರು ಇದ್ದೇ ಇದ್ದರು. ಅಪ್ಪ ಅವರಿಗೆ ಚಹಾ ಕೊಟ್ಟು ಕಳಿಸುತ್ತಿದ್ದ. ನಾವು ಅಲ್ಲೇ ದೊಡ್ಡವರಾದೆವು. ನಾನು ಮದುವೆಯಾಗಿ ಘಟಪ್ರಭಾಕ್ಕೆ ಹೋದೆ. ಸಂಜು ಹೆಂಡತಿಯನ್ನು ಅಲ್ಲಿಗೇ ತಂದ, ಅವನ ಮಕ್ಕಳು ಅಲ್ಲೇ ಹುಟ್ಟಿದರು. ಅಪ್ಪ ಮೊಮ್ಮಕ್ಕಳ ನಡುವೆ, ಅರ್ಧ ಬಣ್ಣದ ಪಡಸಾಲೆಯಲ್ಲಿ, ಒಂದು ಬೆಳಗ್ಗೆ ಸುಮ್ಮನೆ ಕಣ್ಣು ಮುಚ್ಚಿದ. ಅವನು ಹೋಗಿ ಎರಡು ವರ್ಷಕ್ಕೆ ಹೊಳೆ ಯಾವತ್ತೂ ಬರದಷ್ಟು ಬಂತು. ಮಕ್ಕಳನ್ನು ಎತ್ತಿಕೊಂಡು ಸಂಜು ಮೊದಲೇ ಹೊರಬಿದ್ದಿದ್ದ. ನೀರು ಇಳಿದ ಮೇಲೆ ನಾವು ಹೋಗಿ ನೋಡಿದರೆ ಜಂತಿಗಳು ಅಡ್ಡಾದಿಡ್ಡಿ ಬಿದ್ದಿದ್ದವು, ಗೋಡೆಗಳು ಕರಗಿ ಮಣ್ಣಿನ ಗುಡ್ಡೆಯಾಗಿದ್ದವು. ಅದು ಬಂದದ್ದೂ ಮಣ್ಣಿನಿಂದಲೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಈಗ ಅಲ್ಲಿ ತಳಪಾಯದ ಕಲ್ಲುಗಳಿವೆ, ಅವುಗಳ ನಡುವೆ ಎದೆ ಮಟ್ಟ ಹುಲ್ಲು. ಸುತ್ತ ಹೊಸ ಕಟ್ಟಡಗಳು ಎದ್ದಿವೆ. ಈ ಮೂರು ತಾಲೂಕುಗಳಲ್ಲಿ ಸಂಜು ಕಣ್ಣು ಹಾಕದ ಜಾಗ ಇಲ್ಲ, ಮಾರದ ಮನೆ ಇಲ್ಲ. ಅವನಿಗೆ ಅಂಥ ಮೆದು ಮನಸ್ಸೇನೂ ಇಲ್ಲ ಎಂದು ನಾನೇ ಎಷ್ಟೋ ಸಲ ಅವನನ್ನು ಬೈದಿದ್ದೇನೆ. ಹೋದ ತಿಂಗಳು ಆ ದಿನ ಹುಕ್ಕೇರಿಯಿಂದ ಬರುವಾಗ ಗೋಕಾಕದಲ್ಲಿ ಅವನಿಗೆ ಏನೋ ಕೆಲಸವಿತ್ತು, ಹೊಳೀ ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿದ. ಯಾರೋ ಗುರುತಿನವರು ಓಡಿಬಂದರು. ಊರಿಗೆ ಹೊಸಬರಿರಬೇಕು. ಹುಲ್ಲು ಬೆಳೆದ ಆ ಜಾಗದ ಕಡೆ ಕೈ ಮಾಡಿ, "ಅಣ್ಣಾರ, ಈ ಖುಲ್ಲಾ ಜಾಗಾ ನಿಮ್ಮದಂತಲ್ರಿ. ಕೊಡೂದೈತೇನ್ರಿ?" ಎಂದು ಕೇಳಿದರು.

ಸಂಜು ಅವರ ಮುಖ ನೋಡಲಿಲ್ಲ. "ಅದು ಜಾಗಾ ಅಲ್ರಿ" ಎಂದ. "ನಮ್ಮವ್ವನ ಮನಿ."

ಆ ಮನುಷ್ಯ ಹುಲ್ಲಿನ ಕಡೆ ತಿರುಗಿ, ಮನೆ ಎಲ್ಲಿದೆ ಎಂದು ಹುಡುಕುತ್ತ ನಿಂತ.